ದೋಣಿಯ ಹೊಗೆಕೊಳವೆಗೆ ಹೊಡೆದ ತಗಡು

ನವೆಂಬರ್ ೧೨, ಮಂಗಳವಾರ

ಭಾವ ಕರೆದರೆಂದು ಅವರ ದೋಣಿಯ ಎಂಜಿನ್ ಬಿಚ್ಚಲು ಹೋಗಬಾರದಿತ್ತು. ಮೊನ್ನೆ ಅದೇ ದೋಣಿಯ ಕ್ಯಾಬಿನ್ನಿನಲ್ಲಿ ಮಲಗಿದ ಅವರ ತಮ್ಮ ಮತ್ತೆ ಏಳಲಿಲ್ಲ. ಹೃದಯ ನಿಂತಿತೆಂದು ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ.

ಹಿಂದಿನಿಂದ ಬರುವ ಅಲೆ ಒಳನುಗ್ಗದಿರಲೆಂದು ಭಾವ ಹೊಗೆಕೊಳವೆಯ ಬಾಯಿಗೆ ಅರ್ಧಕ್ಕೆ ತಗಡು ಹೊಡೆದಿದ್ದರು. ಎಂಜಿನ್ನೂ ನಮ್ಮ ಹಾಗೆಯೇ, ಬಿಟ್ಟ ಉಸಿರು ಹೊರಗೆ ಹೋದರೆ ತಾನೆ ಹೊಸದನ್ನು ಎಳೆದುಕೊಳ್ಳುವುದು. ಅದು ಏದುಸಿರು ಬಿಟ್ಟಾಗ ಇವರು ಹೊಟ್ಟೆಗೆ ಸಾಲದೇನೋ ಎಂದು ಕಾರ್ಬೊರೇಟರಿನ ತಿರುಪು ಸಡಿಲಿಸಿ ಪೆಟ್ರೋಲ್ ಹೆಚ್ಚಿಸಿದ್ದಾರೆ. ಅರ್ಧ ಸುಟ್ಟ ಪೆಟ್ರೋಲಿನ ವಿಷದ ಹೊಗೆ ದಾರಿ ಸಿಗದೆ, ಕೊಳವೆಯ ಬಿರುಕುಬಿಟ್ಟ ಬೆಸುಗೆಯಿಂದ ಕ್ಯಾಬಿನ್ನಿಗೆ ನುಗ್ಗಿದೆ.

ಮೊದಲು ನಿಜ ಮುಚ್ಚಿಟ್ಟೆ. ತಗಡು ಕಿತ್ತು, "ಕಸ ಸಿಕ್ಕಿತ್ತು ಭಾವ" ಎಂದೆ.

"ಅಷ್ಟೇನಾ? ಹೆಸರಿಗೆ ದೊಡ್ಡ ಮೆಕ್ಯಾನಿಕ್ಕು. ತಗಡು ಯಾಕೋ ಕಿತ್ತೆ?" ಎಂದು ಅದನ್ನೇ ಎತ್ತಿಕೊಂಡು ಸುತ್ತಿಗೆ ಹುಡುಕತೊಡಗಿದರು. ನಾಳೆ ಅಕ್ಕನನ್ನು ಕೂರಿಸಿಕೊಂಡು ಆಚೆ ದಡಕ್ಕೆ ಹೋಗುವವರಿದ್ದರು.

ಆಗ ಎಲ್ಲವನ್ನೂ ಹೇಳಿಬಿಟ್ಟೆ.

ಸುತ್ತಿಗೆ ಹಿಡಿದುಕೊಂಡೇ ಕೂತರು. "ಅವತ್ತು ತಮ್ಮ ತಲೆನೋವು ಅಂತ ಹೊರಗೆ ಬಂದಿದ್ದ ಕಣೋ. ಗಾಳಿಗೆ ನಿಲ್ಲಬೇಡ, ಒಳಗೆ ಹೋಗಿ ಮಲಕ್ಕೋ ಅಂತ ನಾನೇ ಕಳಿಸಿದೆ" ಎಂದರು.

ಅಕ್ಕ ಆಗಲೇ ಎರಡು ಸಲ ಫೋನ್ ಮಾಡಿದ್ದಾಳೆ. ಅವರು ಊಟ ಮುಟ್ಟುತ್ತಿಲ್ಲವಂತೆ, ಏನಾಯಿತೆಂದು ಕೇಳುತ್ತಾಳೆ. ಇನ್ನೊಬ್ಬರ ಮುಂದೆ ಇದನ್ನು ಮತ್ತೆ ಮೊದಲಿನಿಂದ ಹೇಳಲಾರೆ.