ಸೊಂಟದ ಮೇಲಿನ ಎಲೆ

ಕೊರ್ದೋಬಾ, 6 ಫೆಬ್ರವರಿ 1979

ಕಾಫಿ. ಅಂಗಳದ ಗಿಡಗಳಿಗೆ ನೀರು. ಕವಿತೆಯ ಪುಸ್ತಕ ತೆರೆದೆ, ಮೊನ್ನೆಯದೇ ಪುಟ. ಅಮ್ಮ ಹೋಗಿ ಹನ್ನೊಂದು ದಿನ. ಅಳು ಬಂದಿಲ್ಲ.

ಫುಯೆನ್ಸಾಂತಾ ದೊಡ್ಡಮ್ಮನೂ ನಾನೂ ಸೇರಿ ಅಮ್ಮನ ಮೈ ತೊಳೆದಿದ್ದೆವು. ಎಡಸೊಂಟದ ಕೆಳಗೆ ಕೆಂಡ ತಾಗಿದ ಹಳೆಯ ಕಲೆ. ನನ್ನ ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ಕಂಡೆ. ದೊಡ್ಡಮ್ಮ ಥಟ್ಟನೆ ಟವೆಲ್ ಹೊದಿಸಿದಳು.

ಮ್ಯೂಸಿಯಮ್ಮಿನಿಂದ ಫೋನ್. ಚಿತ್ರಕಾರ ಒಸೂನನ ‘ನದಿಯ ವಧು’ ಮ್ಯಾಡ್ರಿಡ್‌ನಿಂದ ಬರುತ್ತಿದೆ, ಐವತ್ತೆರಡು ವರ್ಷದ ಮೇಲೆ. ಅವನ ಬಗ್ಗೆ ಥೀಸಿಸ್ ಬರೆಯುತ್ತಿರುವವಳು ನಾನು, ಹಾಗಾಗಿ ಚಿತ್ರದ ಕೆಳಗಿನ ಫಲಕ ನನ್ನ ಪಾಲಿಗೆ. ರೂಪದರ್ಶಿಯ ಹೆಸರೂ ಬೇಕಂತೆ. ಊರಿಗೆಲ್ಲ ಗೊತ್ತು — ಆ ಬೆತ್ತಲೆ ಹೆಂಗಸಿನ ಮುಖ ದೊಡ್ಡಮ್ಮನದು.

8 ಫೆಬ್ರವರಿ

ದೊಡ್ಡಮ್ಮನಿಗೆ ಹೇಳಿದೆ. ಕಿತ್ತಳೆ ಸುಲಿಯುತ್ತಿದ್ದಳು.

“ಗೋಡೆಗೆ ಹಾಕ್ತಾರಾ? ಹಾಕ್ಲಿ ಬಿಡು. ಎಪ್ಪತ್ತೊಂದರ ಮುದುಕೀನ ಈಗ ಯಾರು ಬಿಟ್ಟು ಹೋಗ್ತಾರೆ?”

ಆಗ ಈ ಚಿತ್ರ ಕಂಡು ಬಿಟ್ಟು ಹೋದವನು ರಾಮೀರೊ. ಮದುವೆಗೆ ಮೂರು ವಾರ ಇತ್ತು. ಶಾಲು ಹೊದ್ದು ಕೂತಿದ್ದೆ, ಬರೀ ಮುಖಕ್ಕೆ — ಎಂದಳಂತೆ ದೊಡ್ಡಮ್ಮ. ಯಾರೂ ನಂಬಲಿಲ್ಲ. ಅಮ್ಮನಿಗೆ ಆಗ ಹದಿನೇಳು. ಅಕ್ಕನ ಪರ ಒಂದು ಮಾತೂ ಆಡಲಿಲ್ಲವಂತೆ.

13 ಫೆಬ್ರವರಿ, ಬೆಳಿಗ್ಗೆ 11

ಚಿತ್ರ ಬಂತು. ಇದುವರೆಗೆ ಕಪ್ಪು-ಬಿಳುಪು ಫೋಟೊದಲ್ಲಷ್ಟೇ ನೋಡಿದ್ದೆ. ಕೈಯಲ್ಲಿ ಒಡೆದ ದಾಳಿಂಬೆ. ಹಿಂದೆ ಕಪ್ಪು ನದಿ. ಎಡಸೊಂಟದ ಕೆಳಗೆ ಉದುರಿಬಿದ್ದ ಆಲಿವ್ ಎಲೆ... ಮರಣದ ಸಂಕೇತ ಎಂದು ಥೀಸಿಸ್‌ನಲ್ಲಿ ಮೂರು ಪುಟ ಬರೆದಿದ್ದೇನೆ.

ಎಲೆಯಲ್ಲ. ಚರ್ಮ. ಸುಟ್ಟು, ಸುಕ್ಕುಗಟ್ಟಿ, ಹೊಳೆಯುವ ಚರ್ಮ. ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಿದ್ದೇನೆ.

ಮ್ಯೂಸಿಯಮ್ಮಿನ ಸೆರಾಫಿನ್: “ಏನ್ ಡಾಕ್ಟರಮ್ಮಾ, ಎಲೆ ಎಣಿಸ್ತಿದ್ದೀರಾ? ಇರೋದೊಂದೇ!”

ನಕ್ಕೆ, ಅನ್ನಿಸುತ್ತದೆ.

17 ಫೆಬ್ರವರಿ

ನಾಲ್ಕು ದಿನ ದೊಡ್ಡಮ್ಮನ ಮನೆಗೆ ಹೋಗಲಿಲ್ಲ. ಇವತ್ತು ಹೋದೆ. ನಾನು ಕೂರುವ ಮೊದಲೇ —

“ನೋಡಿದ್ಯಾ?”

“ನೋಡ್ದೆ. ಯಾಕೆ ದೊಡ್ಡಮ್ಮ, ಯಾರಿಗೂ ಹೇಳ್ಲಿಲ್ಲ?”

“ಮುಖ ನಂದೇ ತಾನೆ? ಊರಿಗೆ ಅಷ್ಟು ಸಾಕಾಯ್ತು. ಇಬ್ರೂ ಯಾಕೆ ಹಾಳಾಗ್ಬೇಕು?”

“ಅಮ್ಮ ಏನಂದ್ಲು?”

“ಏನೂ ಇಲ್ಲ. ಪ್ರತಿ ಭಾನುವಾರ ಸಾರು ತಂದುಕೊಟ್ಲು, ಐವತ್ತು ವರ್ಷ. ಯಾವಾಗ್ಲೂ ಉಪ್ಪು ಜಾಸ್ತಿ.” ಕಿತ್ತಳೆಯ ತೊಳೆಯೊಂದನ್ನು ನನ್ನ ಕೈಗಿಟ್ಟಳು. “ನನ್ನ ಹೆಸರೇ ಬರಿ. ಸತ್ತವಳನ್ನ ಈಗ ಬೆತ್ತಲೆ ಮಾಡ್ಬೇಡ ಕಣೇ.”

ತಿಂದೆ. ರುಚಿ ಗೊತ್ತಾಗಲಿಲ್ಲ.

19 ಫೆಬ್ರವರಿ, ಬೆಳಿಗ್ಗೆ 9

ಮಧ್ಯಾಹ್ನದೊಳಗೆ ಫಲಕದ ಬರಹ ಕೊಡಬೇಕು. ಥೀಸಿಸ್‌ನ ಆ ಮೂರು ಪುಟ ಹರಿದುಹಾಕಿದೆ. ಅಳು ಇನ್ನೂ ಬಂದಿಲ್ಲ. ಚಿತ್ರಕಾರ, ವರ್ಷ, ಅಳತೆ ತುಂಬಿದೆ. ಉಳಿದದ್ದನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಮುಖ: ಫುಯೆನ್ಸಾಂತಾ ರುವಾನೊ. ಶಾಲು ಹೊದ್ದು ಕೂತಿದ್ದರು.

ಮೈ: ಅವರ ತಂಗಿ, ನನ್ನ —