ಎರಡು ಫೂಟಿನ ಫರ್ಸಿ

5 ಜನವರಿ 2026, ಸೋಮವಾರ. ಸೇಡಂ

ಕೋಡ್ಲಾದ ಮನೆ ಮುಗಿಯಿತು. ಎರಡು ಚಹಾ, ಒಂದು ವರದಿ. ಪಡಸಾಲೆಯ ನೆಲದ ಫರ್ಸಿ ಕಲ್ಲು ಕುರ್ಚಿಯಿಂದಲೇ ಎಣಿಸಿದೆ: ನಲವತ್ತೆಂಟು. ಒಳಕೋಣೆಗಳ ಲೆಕ್ಕವನ್ನು ಮನೆಯೊಡತಿ ಹಣಮವ್ವ ಅಡುಗೆಮನೆಯಿಂದ ಕೂಗಿ ಹೇಳಿದಳು. ಈ ಕಡೆಯ ಹೆಣ್ಣುಮಕ್ಕಳಿಗೆ ಅದು ಬಾಯಿಪಾಠ, ದಿನಾ ಒರೆಸುವವರು ಅವರೇ ತಾನೇ. ಶಹಾಬಾದ್ ಕಲ್ಲು, ಎರಡು ಫೂಟಿಗೆ ಎರಡು ಫೂಟು. ಒಂದಕ್ಕೆ ನಾಲ್ಕು ಚದರಡಿ. ಎಣಿಸು, ಗುಣಿಸು, ಬಿಸ್ಕೀಟು ಅದ್ದು. ಹತ್ತೊಂಬತ್ತು ವರ್ಷ ಬ್ಯಾಂಕಿಗಾಗಿ ಮನೆಗಳ ಬೆಲೆ ಕಟ್ಟಿದ್ದು ಹೀಗೇ. ಒಳಗೆ ನುಗ್ಗಿ ಟೇಪು ಬಿಚ್ಚುವುದು ಮರ್ಯಾದಸ್ಥರ ಲಕ್ಷಣವಲ್ಲ ಎನ್ನುತ್ತಿದ್ದರು ನನ್ನ ಗುರುಗಳು. ಅವರಿಗೆ ಮೊಣಕಾಲು ನೋವೂ ಇತ್ತು.

ಸಂಜೆ ಬ್ಯಾಂಕಿನ ಮೇಲ್. ಹನ್ನೆರಡನೇ ತಾರೀಖಿನಿಂದ ವರದಿಗೆ ಹೊಸ ನಮೂನೆ. ಪ್ರತಿ ಕೋಣೆಯ ಫೋಟೊ, ಲೇಸರ್ ಅಳತೆ, ಆಯ್ಕೆಪಟ್ಟಿ. ‘ಒಟ್ಟಾರೆ ಉತ್ತಮ ಸ್ಥಿತಿ’ ಎಂದು ಬರೆಯುವಂತಿಲ್ಲವಂತೆ. ನಾನು ಬದುಕಿದ್ದೇ ಆ ಒಂದು ವಾಕ್ಯದ ಮೇಲೆ! ಪರಂಪರೆ ಹೋಯಿತು, ಫಾರಂ-ಪರೆ ಬಂತು.

9 ಜನವರಿ, ಶುಕ್ರವಾರ

ಅಳೆಯುವ ಲೇಸರ್ ಬಂತು. ನಮ್ಮ ಶೈಲಶ್ರೀ ತಿರುಗಿಸಿ ಮುರುಗಿಸಿ ನೋಡಿದಳು.

‘ಏನ್ರೀ, ಇಷ್ಟು ದಿನಾ ಚಾ ಕುಡಕೋತ ಮಂದಿ ಮನಿ ಅಳದ್ರಿ. ಇನ್ನ ಎದ್ದು ಅಡ್ಡಾಡಬೇಕಲ್ಲ, ಹೊಟ್ಟಿ ಒಪ್ಪತದೇನು?’

ಹೆಂಡತಿಯ ವರದಿಗೆ ಯಾವ ನಮೂನೆಯೂ ಇಲ್ಲ.

12 ಜನವರಿ, ಸೋಮವಾರ. ಶಹಾಬಾದ್

ಹೊಸ ನಮೂನೆಯ ಮೊದಲ ಮನೆ. ಜಾನಬಿಯದು. 2017ರಲ್ಲಿ ಇದೇ ಮನೆಯ ವರದಿ ಬರೆದವನು ನಾನೇ. ಈಗ ಮಗಳು ನಗ್ಮಾ ಸಾಲ ಕೇಳಿದ್ದಾಳೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುತ್ತಾಳೆ. ಅಂಗಳದ ಬಿಸಿಲಲ್ಲಿ ಹದಿನೆಂಟು ಮಕ್ಕಳು. ಮೇಲೊಂದು ಕೋಣೆ ಕಟ್ಟಬೇಕು.

‘ಒಳಗ್ಯಾಕ ಬರ್ತೀರಿ ಇಂಜಿನಿಯರ್ ಸಾಬ? ಕುಂದ್ರಿ. ಹಿಂದಕ್ಕ ಇಲ್ಲೇ ಕುಂತು ಬರದಿದ್ರಲ್ಲ’ ಎಂದರು ಜಾನಬಿ.

ನಗ್ಮಾ ನನ್ನತ್ತ ನೋಡಿದಳು. ನಾನು ಲೇಸರ್ ನೋಡಿದೆ.

ಎಲ್ಲ ಕೋಣೆ ಸೇರಿ 807 ಚದರಡಿ. ಹಳೆಯ ವರದಿಯಲ್ಲಿ 960. ಲೇಸರ್ ಕೆಟ್ಟಿದೆ ಎಂದುಕೊಂಡೆ. ಮೂರು ಸಲ ಹಿಡಿದೆ. ಮೂರೂ ಸಲ ಅದೇ.

‘ಸರ್, ಒಂದು ಫರ್ಸಿ ಅಳೀರಿ’ ಎಂದಳು ನಗ್ಮಾ.

ಇಪ್ಪತ್ತೆರಡು ಇಂಚು.

ಜಾನಬಿ ನಕ್ಕರು. ‘ಈಕಿ ಅಬ್ಬಾ ಕಲ್ಲಿನ ಕಟಿಂಗ್ ಮಷೀನ್ ಮ್ಯಾಲೇ ಕೆಲಸಕ್ಕಿದ್ರು. ಮಷೀನಿಗೆ ಅಂಚು ಹೋಗ್ತದ. ಹೆಸರಿಗೆ ಎರಡು ಫೂಟು, ಕಲ್ಲು ಇಪ್ಪತ್ತೆರಡು ಇಂಚು. ಊರಿಗೇ ಗೊತ್ತದ ಸಾಬ!’

ಊರಿಗೇ ಗೊತ್ತು. ಇಂಜಿನಿಯರಿಗೆ ಗೊತ್ತಿಲ್ಲ. ಗುರುಗಳ ಕಾಲದ ಕೈಕಡಿತದ ಕಲ್ಲು ಪೂರಾ ಎರಡು ಫೂಟು ಇರುತ್ತಿತ್ತು. ಆಮೇಲೆ ಮಷೀನು ಬಂತು. ನಾನು ಕುರ್ಚಿಯಿಂದ ಏಳಲಿಲ್ಲ.

13 ಜನವರಿ, ಮಂಗಳವಾರ

ಮ್ಯಾನೇಜರ್ ಭಾಗ್ಯಜ್ಯೋತಿ ಮೇಡಂ ಫೋನು. ಹೊಸ ನಮೂನೆ ಹಳೆಯ ವರದಿಯನ್ನು ತಾನೇ ಎಳೆದು ಪಕ್ಕದಲ್ಲಿಡುತ್ತದೆ.

‘ಸಂಗಮೇಶ್ವರ ಸರ್, ಮನಿ ಏನು ಉಣ್ಣಿ ಅಂಗಿ ಏನ್ರಿ, ತೊಳದ್ರ ಸಣ್ಣ ಆಗಲಿಕ್ಕ? ಕಾರಣ ಹಾಕ್ರಿ. ಒಂದು ಭಾಗ ಕೆಡವ್ಯಾರ ಅಂತಾದ್ರೂ ಹಾಕ್ರಿ, ಹಿಂದಿನ ಅಳತಿ ತಪ್ಪು ಅಂತಾದ್ರೂ ಹಾಕ್ರಿ.’

‘ಎಂಟುನೂರಾ ಏಳಕ್ಕ ಸಾಲ ಆಗ್ತದೇನ್ರಿ?’

‘ಭಾಳ ಆರಾಮಾಗಿ ಆಗ್ತದ. ಆದ್ರ ಕೆಡವ್ಯಾರ ಅಂತ ಬಂದ್ರ ಪರವಾನಗಿ ಕೇಳಬೇಕಾಗ್ತದ. ಅದು ಇಲ್ಲಂದ್ರ ಫೈಲ್ ವಾಪಸ್.’

‘ಅಳತಿ ತಪ್ಪು ಅಂತ ಬಂದ್ರ?’

‘ನಿಮ್ಮ ಹಳೇ ರಿಪೋರ್ಟೆಲ್ಲಾ ಮತ್ತ ಅಳಸ್ತಾರ. ನಿಮ್ಮ ಹೆಸರು ಬ್ಯಾಂಕಿನ ಪ್ಯಾನೆಲ್‌ನಾಗ ಉಳೀತದೋ ಇಲ್ಲೋ, ನನಗ ಹೇಳಲಿಕ್ಕ ಬರಂಗಿಲ್ಲ. ಇಪ್ಪತ್ತೊಂದಕ್ಕ ಕಡೀ ದಿನ.’

ಒಂದು ಟಿಕ್ಕಿನಲ್ಲಿ ನಗ್ಮಾಳ ಕೋಣೆ ಹೋಗುತ್ತದೆ. ಇನ್ನೊಂದರಲ್ಲಿ ನಾನು. ಟೇಪು ಹಿಡಿಯದವನು ಈಗ ತೇಪೆ ಹಚ್ಚಬೇಕು…

20 ಜನವರಿ, ಮಂಗಳವಾರ

ಒಂದು ವಾರ ಡೈರಿ ಬರೆಯಲಿಲ್ಲ. ಅಡ್ಡಾಡುತ್ತಿದ್ದೆ. ಸಂಕ್ರಾಂತಿಯ ಎಳ್ಳು ಕೊಡುವ ನೆಪ. ಸೇಡಂ, ಕುರಕುಂಟಾ, ವಾಡಿ. ಎಳ್ಳು ಕೈಯಿಂದ ಬೇಕೆಂದೇ ಚೆಲ್ಲುವುದು, ಆರಿಸಲು ಬಗ್ಗುವುದು, ಫರ್ಸಿ ಅಳೆಯುವುದು. ಹಿಂದೆ ನಾನೇ ವರದಿ ಬರೆದ ಹನ್ನೊಂದು ಮನೆ. ಏಳರಲ್ಲಿ ಇಪ್ಪತ್ತೆರಡು ಇಂಚು.

ಹನ್ನೆರಡನೆಯದು ನಮ್ಮದೇ ಮನೆ. ಇಪ್ಪತ್ತೆರಡು.

‘ಅಂದ್ರ ನಾ ದಿನಾ ಒರಸೋ ಮನಿ ಸಣ್ಣದು ಅಂತಾತು. ಸೊಂಟ ಮಾತ್ರ ಪೂರಾ ಎರಡು ಫೂಟಿಂದೇ ನೋಯಲಿಕತ್ತದ’ ಎಂದಳು ಶೈಲಶ್ರೀ. ಆಮೇಲೆ, ನಗದೆ: ‘ಆ ಹುಡುಗಿ ಫೋನ್ ಮಾಡಿದ್ಳು. ರಿಪೋರ್ಟ್ ಹೋತೇನು ಅಂತ. ಮೇಸ್ತ್ರಿಗೆ ಬರಲಿಕ್ಕ ಹೇಳ್ಯಾಳಂತ.’

21 ಜನವರಿ, ಬುಧವಾರ. ಬೆಳಗಿನ ಹತ್ತು

‘ಒಂದು ಭಾಗ ಕೆಡವಲಾಗಿದೆ’ ಮೇಲೆ ಬೆರಳಿಟ್ಟೆ. ಜಾನಬಿಯ ಮನೆಯಲ್ಲಿ ಒಂದು ಗೋಡೆಯೂ ಅಲುಗಿಲ್ಲ. ತೆಗೆದೆ.

‘ಹಿಂದಿನ ಅಳತೆ ತಪ್ಪು’. ಟಿಕ್.

ಕೂಡಲೇ ಖಾಲಿ ಚೌಕ ತೆರೆಯಿತು. ವಿವರಿಸಿ, ಕನಿಷ್ಠ ಇನ್ನೂರು ಅಕ್ಷರ. ಎಲ್ಲ ಮನೆಗೂ ಅದೇ ಮೂರು ಪದ ಬರೆದವನಿಗೆ ಇನ್ನೂರು ಅಕ್ಷರ! ಮೊದಲು ಇಲ್ಲೇ ಕರಡು ಮಾಡುತ್ತೇನೆ—

‘ಮನೆ ಅಂದು ಇದ್ದಷ್ಟೇ ಇದೆ. ಮನೆಯವರ ತಪ್ಪೇನೂ ಇಲ್ಲ. 2017ರ ಅಳತೆ ನನ್ನದು. ಅಂದು ನಾನು ಪಡಸಾಲೆಯ ಕುರ್ಚಿಯಿಂದ ಏಳದೆ, ಕೈಯಲ್ಲಿ ಚಹಾ ಹಿಡಿದುಕೊಂಡು—