ಎಡಪಕ್ಕದ ಬಾಗಿಲು

ಬ್ಯೂಲಾ, ವಿಕ್ಟೋರಿಯಾ
ಆಗಸ್ಟ್ 11, 1996

ಪ್ರೀತಿಯ ನೋಲಾ,

ಹೇಗಿದ್ದೀಯೇ ತಂಗಿ? ಹೋಬಾರ್ಟ್‌ನ ಚಳಿಗೆ ಕಾಲುನೋವು ಜಾಸ್ತಿಯಾಗಿಲ್ಲ ತಾನೆ? ನಿನ್ನ ಕಾಗದ ಬಂದು ತಿಂಗಳಾಯಿತು. ಬರೆಯಲು ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಟ್ಟಿತ್ತು, ಅದಕ್ಕೇ ಬರೆಯಲಿಲ್ಲ. ನಿನ್ನ ಭಾವ ಕ್ಲೆಮ್ ನಮ್ಮಪ್ಪನ ಹಳೇ ಕ್ಯಾರಿಯರ್ ಗಾಡಿಯನ್ನು ಮನೆಗೆ ತಂದ ಸುದ್ದಿ ತಿಳಿಸಿದರೆ ನೀನು ಏನು ಬರೆದೆ? "ನನ್ನ ಗಾಡಿ ಹೇಗಿದೆ?" ನಿನ್ನ ಗಾಡಿ! ಓದಿ ಮೈಯೆಲ್ಲ ಉರಿದುಹೋಯಿತು.

ನಿನ್ನ ಗಾಡಿ ಹೇಗಿದೆ ಅಂತ ಕೇಳು. ಯುದ್ಧ ಮುಗಿದ ಮೇಲೆ ಸೈನ್ಯದ ಹರಾಜಿನಲ್ಲಿ ಅಪ್ಪ ತಂದಾಗ ಅದು ಚಾವಣಿಯಿಲ್ಲದ, ಟ್ಯಾಂಕಿನಂತೆ ಪಟ್ಟಿಚಕ್ರದ ಮೇಲೆ ಓಡುವ ಉಕ್ಕಿನ ಪೆಟ್ಟಿಗೆಯಾಗಿತ್ತಲ್ಲ, ಈಗ ಚಕ್ರವೂ ಇಲ್ಲ, ಎಂಜಿನ್ನೂ ಇಲ್ಲ, ತುಕ್ಕು ತಿಂದ ಬರೀ ಒಡಲು. ನಮ್ಮ ಹೊಲ ಕೊಂಡವರು ಅದನ್ನು ಕಟ್ಟೆಯ ಪಕ್ಕದ ಮುಳ್ಳುಪೊದೆಯಲ್ಲೇ ಬಿಟ್ಟಿದ್ದರು. ನರಿ ಒಳಗೆ ಸಂಸಾರ ಹೂಡಿತ್ತು. ಕ್ಲೆಮ್ ಟ್ರಾಕ್ಟರಿಗೆ ಕಟ್ಟಿ ಎಳೆದು ತಂದ, ಅಂದಿನಿಂದ ಅವನಿಗೆ ಹೆಂಡತಿಯೂ ಬೇಡ, ಊಟವೂ ಬೇಡ. ಹಿತ್ತಲ ಹಳೇ ಸ್ನಾನದ ತೊಟ್ಟಿ ತುಂಬ ಕಾಕಂಬಿ ನೀರು. ತುಕ್ಕು ಬಿಡಲಿ ಎಂದು ಅದರಲ್ಲಿ ಬೋಲ್ಟು, ಕೊಂಡಿ ಎಲ್ಲ ನೆನೆಹಾಕಿದ್ದಾನೆ. ಗಬ್ಬು ವಾಸನೆ. ನನ್ನ ಅಡುಗೆಮನೆಯ ಟ್ರೇಯನ್ನೂ ಶೆಡ್ಡಿಗೆ ಒಯ್ದಿದ್ದಾನೆ. "ಅದು ನಾನು ಭಾನುವಾರ ಕುರಿಮಾಂಸ ಬೇಯಿಸೋ ಟ್ರೇ ಕಣೋ, ಅದರಲ್ಲಿ ಗ್ರೀಸ್ ಹಾಕಿದ್ದೀಯಲ್ಲ" ಎಂದರೆ, "ತೊಳೆದು ಕೊಡ್ತೀನಿ ಮಾರಾಯ್ತಿ" ಅನ್ನುತ್ತಾನೆ.

ಒಂದು ದಿನ ಶೆಡ್ಡಿನಿಂದ ಕೂಗಿದ. "ಎನಿಡ್, ಬಾ ಇಲ್ಲಿ! ಈ ಎಡಪಕ್ಕದ ತಗಡನ್ನ ಯಾರೋ ಗ್ಯಾಸ್ ಕಟರ್ ಹಿಡಿದು ಕೊಯ್ದುಬಿಟ್ಟಿದ್ದಾರೆ. ಯಾರಿರಬಹುದು?"

ನನಗೆ ಗೊತ್ತಿರಲಿಲ್ಲವೇ? ನಿನಗೆ ಪೋಲಿಯೋ ಆಗಿ, ಎರಡೂ ಕಾಲಿಗೆ ಕಬ್ಬಿಣದ ಪಟ್ಟಿ ಬಿಗಿದು ಆಸ್ಪತ್ರೆಯಿಂದ ಕಳಿಸಿದ ವರ್ಷ ಅಪ್ಪ ಕೊಯ್ದ ಬಾಗಿಲು ಅದು. ಅಷ್ಟೆತ್ತರ ಹತ್ತಿ ಒಳಗೆ ಇಳಿಯಲು ನಿನ್ನಿಂದ ಆಗುತ್ತಿರಲಿಲ್ಲ. ಪಟ್ಟಿ ಸಿಕ್ಕಿಕೊಳ್ಳಬಾರದೆಂದು ಕೂತು ಅಂಚಿಗೆಲ್ಲ ಅರ ಹಾಕಿ ನುಣ್ಣಗೆ ಮಾಡಿದ್ದ. ನೀನು ರಾಣಿಯ ಹಾಗೆ ಅವನ ಪಕ್ಕದಲ್ಲಿ ಕೂರುತ್ತಿದ್ದೆ. ನಾನು? ನನಗೆ ಗೇಟು. "ಎನಿಡ್, ಗೇಟು!" ಮುಂದೆ ಓಡಿ ತೆಗೆ, ಗಾಡಿ ದಾಟಲಿ, ಕುರಿ ನುಗ್ಗದ ಹಾಗೆ ಮುಚ್ಚು, ಆಮೇಲೆ ಹೊಗೆ ಕುಡಿಯುತ್ತ ಬೆನ್ನಟ್ಟಿ ಹಿಂದಿನಿಂದ ಹತ್ತು. ಹತ್ತಿದಳೋ ಬಿದ್ದಳೋ ಅಂತ ಅಪ್ಪ ಒಂದು ದಿನವಾದರೂ ಕತ್ತು ತಿರುಗಿಸಿದನೇ? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ, ಆ ಸುಣ್ಣದ ಕಣ್ಣು ನಾನು. ನಡೆಯಲಾಗದ ತಂಗಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ನಾಚಿಕೆಯೇನೋ ಆಗುತ್ತದೆ, ಕಿಚ್ಚು ಮಾತ್ರ ಆರಿಲ್ಲ.

"ಯಾರಿಗೆ ಗೊತ್ತು? ಮುಚ್ಚಿಬಿಡು" ಅಂದೆ.

ಗಾಡಿ ಯುದ್ಧದಲ್ಲಿ ಹೇಗಿತ್ತೋ ಹಾಗೇ ಆಗಬೇಕೆಂದು ಕ್ಲೆಮ್‌ನ ಹಟ. ಅಳತೆಗೆ ಸರಿಯಾಗಿ ತಗಡು ಕತ್ತರಿಸಿ ತಂದಿಟ್ಟ. ನನಗೆ ಒಳಗೊಳಗೇ ಖುಷಿ. ನೀನು ವಸಂತಕ್ಕೆ ಬಂದಾಗ ಬಾಗಿಲಿಲ್ಲದ ಗಾಡಿಯ ಮುಂದೆ ನಿಲ್ಲುತ್ತೀಯಲ್ಲ ಎಂದು.

ಮೊನ್ನೆ ಅದನ್ನು ವೆಲ್ಡ್ ಮಾಡಲು ಡೆಸ್ ಬಂದ. ಕ್ಲೆಮ್‌ನ ಹಳೇ ಗಾಡಿಗಳ ಕ್ಲಬ್ಬಿನವನು, ಬಾಯಿ ಜೋರು. ನಾನು ಟೀ, ಆಗಷ್ಟೇ ಬೇಯಿಸಿದ ಸ್ಕೋನು ಬನ್ನು ಹಿಡಿದು ಹೋದಾಗ ಆ ಕಿಂಡಿಯಲ್ಲಿ ತಲೆ ತೂರಿಸಿ ನಗುತ್ತಿದ್ದ. "ಯಾವ ಕುಡುಕ ನನ್ಮಗ ಮಾಡಿದ್ದೋ ಇದನ್ನ! ಎಂಥಾ ಉಕ್ಕು, ಹಾಳು ಮಾಡಿದ್ದಾನೆ. ಅವನ ಕೈ ಮುರಿಯ!"

ತಟ್ಟೆಯನ್ನು ಠಪ್ಪೆಂದು ಕುಕ್ಕಿದೆ. "ಕುಡುಕ ಅಲ್ಲ, ನಮ್ಮಪ್ಪ! ನಡೆಯೋಕಾಗದ ನನ್ನ ತಂಗಿ ಹತ್ತಲಿ ಅಂತ ಕೊಯ್ದಿದ್ದು. ಅಂಚು ಮುಟ್ಟಿ ನೋಡಯ್ಯಾ, ಕುಡುಕರು ಹಿಂಗೆ ಅರ ಹಾಕ್ತಾರಾ? ಇನ್ನೊಂದು ಮಾತಾಡಿದ್ರೆ ಸ್ಕೋನೂ ಇಲ್ಲ ಏನೂ ಇಲ್ಲ, ನಡಿ ಮನೆಗೆ."

ಡೆಸ್ ಅಂಚಿನುದ್ದಕ್ಕೂ ಬೆರಳಾಡಿಸಿದ. ಟೋಪಿ ತೆಗೆದ. "ತಪ್ಪಾಯ್ತು ಎನಿಡ್."

ಕ್ಲೆಮ್ ನನ್ನನ್ನೇ ನೋಡುತ್ತಿದ್ದ. "ಗೊತ್ತಿಲ್ಲ ಅಂದಿದ್ದೆಯಲ್ಲೇ?"

"ಗೊತ್ತಿತ್ತು. ಏನೀಗ?"

ಅವನು ಕೆದಕಲಿಲ್ಲ. "ನಿಮ್ಮಪ್ಪ ಕೊಯ್ದಿದ್ದು. ಮುಚ್ಚೋದಾ, ಬಿಡೋದಾ, ನೀನೇ ಹೇಳು" ಅಂದ.

ಪಾತ್ರೆ ತೊಳೆಯುತ್ತ ಯೋಚಿಸಿದೆ, ಬಟ್ಟೆ ಒಣಹಾಕುತ್ತ ಯೋಚಿಸಿದೆ. ಮುಚ್ಚಿಸಿದರೆ ಅಪ್ಪನ ಕೈಕೆಲಸ ಹೋಗುತ್ತದೆ, ಬಿಟ್ಟರೆ ನೀನು ಗೆದ್ದ ಹಾಗೆ. ಕೊನೆಗೆ ಹೋಗಿ "ಬಿಡು" ಅಂದೆ. ಆ ಹೊಸ ತಗಡು ಈಗ ಕೋಳಿಗೂಡಿನ ಮುಂದೆ ನಿಂತಿದೆ. ನೀನು ಬಾ, ಕೋಲೂರಿಕೊಂಡು ನಿನ್ನ ಬಾಗಿಲಲ್ಲೇ ಹತ್ತು. ಎಂಜಿನ್ ಸಿಗುವವರೆಗೆ ಟ್ರೈಲರ್ ಮೇಲೆ ಹೇರಿ ಸುತ್ತಿಸುತ್ತಾನಂತೆ ಕ್ಲೆಮ್. ಆದರೆ ಕೇಳು, ಈ ಸಲ ಮುಂದಿನ ಸೀಟು ನನ್ನದು. ನೀನು ಹಿಂದೆ ಕೂರು. ಗೇಟುಗಳನ್ನು ಡೆಸ್ ತೆಗೆಯಲಿ.

ನಿನ್ನ ಕಾಲು, ನಿನ್ನ ಮೊಮ್ಮಕ್ಕಳು, ನಿನ್ನ ನಿಂಬೆಗಿಡ ಎಲ್ಲವೂ ನೆಟ್ಟಗಿರಲಿ. ದೇವರು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ. ಅಪ್ಪನಂತೂ ನೋಡಿಕೊಂಡಿದ್ದ.

ನಿನ್ನ ಅಕ್ಕ,
ಎನಿಡ್

ತಾ.ಕ.: ಮುಚ್ಚಿಬಿಡು ಅಂತ ಯಾಕೆ ಅಂದೆ ಎನ್ನುವುದನ್ನು ಕ್ಲೆಮ್‌ಗೂ ಹೇಳಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಿನಗೆ ಬರಲಾಗಲಿಲ್ಲ, ಅದು ನಿನ್ನ ತಪ್ಪಲ್ಲ. ಪಕ್ಕದಲ್ಲಿ ಕೂತು ಗಂಜಿ ಕುಡಿಸಿದವಳು ನಾನು. ಅವನು ನನ್ನನ್ನು ನೋಲಾ, ನೋಲಾ ಅಂತಲೇ ಕರೆದ. ಬೇರೆ ದಾರಿಯಿಲ್ಲದೆ ನಾನೂ ಓಗೊಟ್ಟೆ. ಕೊನೆಯ ದಿನ ಗಾಡಿ ಓಡಿಸುವವನ ಹಾಗೆ ಎರಡೂ ಕೈ ಎತ್ತಿ ಹಿಡಿದು ಕೇಳಿದ: "ನೋಲಾ, ಹಿಂದೆ ತಿರುಗಿ ನೋಡು ಮಗಾ. ಎನಿಡ್ ಹತ್ತಿದ್ಲಾ?" "ಹತ್ತಿದ್ಲು ಅಪ್ಪಾ" ಅಂದೆ. "ಹಂಗಾದ್ರೆ ಹೊರಡೋಣ" ಅಂದ. ಆಮೇಲೆ ಮಾತಾಡಲಿಲ್ಲ.

ಆ ಎಂಜಿನ್ನಿನ ಸದ್ದಿನಲ್ಲಿ ಹಿಂದಿದ್ದ ನನಗೆ ನಿಮ್ಮ ಮಾತು ಒಂದೂ ಕೇಳುತ್ತಿರಲಿಲ್ಲ ನೋಲಾ. ಪ್ರತಿ ಗೇಟಿನಲ್ಲೂ ನಿನ್ನನ್ನು ಹೀಗೇ ಕೇಳುತ್ತಿದ್ದನೇ? ಕೇಳುತ್ತಿದ್ದರೆ, ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?